ಆಕಾಶದಲ್ಲಿ ಕಲೆ

ನನ್ನ ಓರಗಿತ್ತಿಯ ಬಗ್ಗೆ ಒಳ್ಳೆಯ ಮಾತು ಬರೆಯುವುದು ನನಗೆ ಕಷ್ಟ. ಅವಳಲ್ಲಿ ಕೆಟ್ಟದ್ದೇನೂ ಇಲ್ಲ, ಅದೇ ಮೊದಲ ತೊಂದರೆ. ಮೈದುನನ ಕೈಹಿಡಿದು ಈ ಮನೆಗೆ ಬಂದ ವರ್ಷವೇ ಬೀದಿಯ ತಿರುವಿನಲ್ಲಿ ಇಸ್ತ್ರಿ ಅಂಗಡಿ ಇಟ್ಟಳು. ಇಪ್ಪತ್ತೆಂಟು ವರ್ಷ ಒಂದೇ ಮೇಜಿನ ಮುಂದೆ ನಿಂತಳು. ಯಾರ ಅಂಗಿಯ ಕಾಲರ್ ಸವೆದಿದೆ, ಯಾರ ಮನೆಯಲ್ಲಿ ಗುಂಡಿ ಹೊಲಿಯುವವರಿಲ್ಲ, ಎಲ್ಲ ಅವಳಿಗೆ ಗೊತ್ತು. ಆದರೂ ಒಬ್ಬರ ಮನೆಯ ಸುದ್ದಿಯನ್ನು ಇನ್ನೊಬ್ಬರಿಗೆ ದಾಟಿಸಿದವಳಲ್ಲ. ಒಣಗಿದ ಬಟ್ಟೆಗೆ ಬೆರಳ ತುದಿಯಿಂದ ನೀರು ಚಿಮುಕಿಸುವುದು, ಹಸಿ ಎಷ್ಟಿದೆ ಎಂದು ಬೆರಳುಗಳ ಹಿಂಬದಿಯಿಂದ ಮುಟ್ಟಿ ನೋಡುವುದು, ಇದು ಅವಳ ಕೈಗೆ ಅಂಟಿದ ಅಭ್ಯಾಸ.

ನಾನು ಮೂವತ್ತೊಂದು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿದವಳು. ಜಲವರ್ಣದಲ್ಲಿ ನಾನು ಎತ್ತಿದ ಕೈ ಎಂದು ನಾನೇ ಹೇಳಿಕೊಳ್ಳುತ್ತಿದ್ದೆ, ಬೇರೆ ಯಾರೂ ಹೇಳುತ್ತಿರಲಿಲ್ಲವಲ್ಲ. ನನ್ನ ಒಂದು ಚಿತ್ರವೂ ಸ್ಟಾಫ್ ರೂಮಿನ ಗೋಡೆಯನ್ನು ಸಹ ಕಂಡಿಲ್ಲ.

ಕಾಲುನೋವು ಹೆಚ್ಚಾಗಿ ಅವಳು ಅಂಗಡಿ ಮುಚ್ಚಿದಾಗ, ಹೊತ್ತು ಹೋಗಲಿ ಎಂದು ನಾನೇ ಅವಳನ್ನು ಕೆರೆಯ ದಂಡೆಗೆ ಕರೆದೊಯ್ದೆ. ಕುಂಚ ಹಿಡಿಯಲು ಕಲಿಸಿದವಳೂ ನಾನೇ. ಕಾಗದ ಒದ್ದೆ ಮಾಡಿ ಬಣ್ಣ ಹರಿಯಬಿಡುವುದು, ಒಣಗಿದ ಮೇಲೆ ಇನ್ನೊಂದು ತೆಳುಪದರ ಎಳೆಯುವುದು, ಹಸಿ ಬಣ್ಣಕ್ಕೆ ಉಪ್ಪು ಉದುರಿಸಿ ಚುಕ್ಕೆ ಮೂಡಿಸುವುದು, ಒಂದನ್ನೂ ಮುಚ್ಚಿಡಲಿಲ್ಲ. ವರ್ಷ ತುಂಬುವಷ್ಟರಲ್ಲಿ ಅವಳ ಕೆರೆಯಲ್ಲಿ ನೀರು ತುಂಬಿತ್ತು. ನನ್ನ ಕೆರೆಯಲ್ಲಿ ಇನ್ನೂ ನೀಲಿ ಬಣ್ಣವೇ ಇತ್ತು. ಹೊಟ್ಟೆ ಉರಿಯಿತು. ಅದನ್ನು ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ?

ಒಂದು ಬೆಳಿಗ್ಗೆ ಅವಳ ಗುಟ್ಟು ಕಣ್ಣಿಗೆ ಬಿತ್ತು. ಅರೆ ಒಣಗಿದ ಆಕಾಶವನ್ನು ಬೆರಳುಗಳ ಹಿಂಬದಿಯಿಂದ ಮುಟ್ಟಿ ನೋಡಿದಳು. ಬಟ್ಟೆಗೆ ಚಿಮುಕಿಸಿದಂತೆಯೇ ನಾಲ್ಕು ಹನಿ ನೀರು ಚಿಮುಕಿಸಿದಳು. ಹನಿ ಬಿದ್ದಲ್ಲಿ ಬಣ್ಣ ಸುತ್ತಲೂ ಸರಿದು, ಅಂಚು ಹರಿದ ಬಿಳಿಚು ಮಚ್ಚೆಗಳು ಅರಳಿದವು. ಮಕ್ಕಳ ಚಿತ್ರದಲ್ಲಿ ಹೀಗಾದರೆ ನಾನು ಕೆಂಪು ಪೆನ್ನಿನಲ್ಲಿ ‘ಕಲೆ’ ಎಂದು ಬರೆದು ಅಂಕ ಕಡಿಯುತ್ತಿದ್ದೆ. ಇಲ್ಲಿ ಅದು ಬೆಳಗಿನ ಮೋಡವಾಗಿತ್ತು.

ಆ ತಿಂಗಳೇ ಗ್ರಂಥಾಲಯದವರು ಓದುವ ಕೋಣೆಗೆ ಕೆರೆಯ ಚಿತ್ರ ಬೇಕೆಂದರು. ಒಂದೇ ಗೋಡೆ, ಒಂದೇ ಮೊಳೆ. ಆ ಮೊಳೆ ನನಗೇ ಬೇಕಿತ್ತು. ಕೊಡುವ ಹಿಂದಿನ ದಿನ ಅವಳು ತನ್ನ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕೋಣೆಗೆ ಬಂದಳು.

“ಅಕ್ಕಾ, ಇದು ಸರಿ ಇದ್ಯಾ ನೋಡಿ. ನೀವು ಹೂಂ ಅಂದ್ರೆ ಕೊಡ್ತೀನಿ.”

ಸರಿ ಇತ್ತು. ಅಷ್ಟು ಸರಿಯಾದದ್ದನ್ನು ನಾನು ಜೀವಮಾನದಲ್ಲಿ ಬರೆದಿರಲಿಲ್ಲ.

“ಆಕಾಶದಲ್ಲಿ ಕಲೆ ಆಗಿದೆಯಲ್ಲೇ,” ಎಂದೆ. “ನೋಡಿದವರು ನಗ್ತಾರೆ. ಒದ್ದೆ ಸ್ಪಂಜಲ್ಲಿ ಉಜ್ಜಿ ತೆಗಿ.”

“ಹೌದಾ? ನಂಗೆ ಮೋಡದ ಥರ ಕಾಣ್ತಿತ್ತು.”

“ನಿಂಗೆ ಹಾಗೇ ಕಾಣತ್ತೆ. ಕಲಿತವರಿಗೆ ಕಾಣಲ್ಲ.”

ನನ್ನೆದುರೇ ಕೂತು ಉಜ್ಜಿದಳು. ಕಾಗದದ ಮೈ ಸುಲಿದು ನಾರು ಎದ್ದಿತು. “ಅಂಗಡೀಲಿ ಎಂಥೆಂಥಾ ಕಲೆ ತೆಗ್ದಿದೀನಿ, ಇದು ಮಾತ್ರ ಬರ್ಲಿಲ್ಲ ನೋಡಿ,” ಎಂದು ನಕ್ಕು, ಆ ಚಿತ್ರವನ್ನು ಬೀರುವಿನ ತಳಕ್ಕೆ ಹಾಸಿ ಅದರ ಮೇಲೆ ಟವೆಲ್ಲುಗಳನ್ನು ಜೋಡಿಸಿದಳು.

ಆ ಮಧ್ಯಾಹ್ನ ನಾನು ಬಾಗಿಲು ಹಾಕಿಕೊಂಡು ಕೂತೆ. ಐದು ಹಾಳೆ ಹಾಳಾದವು. ಆರನೆಯದನ್ನು ಅವಳಂತೆಯೇ ಬೆರಳುಗಳ ಹಿಂಬದಿಯಿಂದ ಮುಟ್ಟಿ, ಅವಳಂತೆಯೇ ನೀರು ಚಿಮುಕಿಸಿದೆ. ಮೋಡ ಅರಳಿತು.

ಗ್ರಂಥಾಲಯದವರು ಊರಿನ ನಾಲ್ಕು ಜನರನ್ನು ಕರೆದು ನನ್ನ ಚಿತ್ರವನ್ನೇ ತೂಗುಹಾಕಿದರು. ಅವತ್ತು ನಾನು ಉಟ್ಟ ಬಟ್ಟೆಗೆ ಅವಳೇ ಇಸ್ತ್ರಿ ಮಾಡಿಕೊಟ್ಟಿದ್ದಳು. ಗ್ರಂಥಪಾಲಕರು “ಆಕಾಶ ಎಷ್ಟು ಚೆನ್ನಾಗಿ ಬಂದಿದೆ ಮೇಡಂ” ಎಂದಾಗ ನಾನು ಅವಳ ಕಡೆ ನೋಡಲಿಲ್ಲ. ಅವಳು ಮಾತ್ರ ಚಿತ್ರವನ್ನೇ ನೋಡುತ್ತಿದ್ದಳು, ಬಹಳ ಹೊತ್ತು. ಕೇಳಿದರೆ ಏನು ಹೇಳುವುದೆಂದು ಮೂರು ಸುಳ್ಳು ಹೊಂದಿಸಿಟ್ಟುಕೊಂಡಿದ್ದೆ. ಅವಳು ಆಚೀಚೆ ನೋಡಿ, ಹತ್ತಿರ ಬಂದು, ನನ್ನ ಕಿವಿಯಲ್ಲಿ ಹೇಳಿದಳು:

“ಅಕ್ಕಾ, ನಿಮ್ಮ ಆಕಾಶದಲ್ಲೂ ಕಲೆ ಆಗಿಬಿಟ್ಟಿದೆ. ಯಾರಿಗೂ ಗೊತ್ತಾದ ಹಾಗಿಲ್ಲ. ನಾನು ಹೇಳಲ್ಲ ಬಿಡಿ.”

ಆಮೇಲೆ ಆ ಕಾಲುನೋವಿನವಳು, ಕುರ್ಚಿ ಕೊಟ್ಟರೂ ಕೂರದೆ, ಜನ ಹೋಗುವವರೆಗೂ ಆಕಾಶಕ್ಕೆ ಅಡ್ಡವಾಗಿ ನಿಂತೇ ಇದ್ದಳು.