ಯಾವ ಬಸ್ಸಿಗೆ ಬಂದ ಸುದ್ದಿ?

ಅವರ ಕೆಳದುಟಿಯ ನಡುವೆ ನೇರಳೆ ಬಣ್ಣದ ಒಂದು ಕಲೆಯಿತ್ತು. ಒದ್ದೆಯಾದರೆ ನೇರಳೆ ಬಣ್ಣ ಬಿಡುವ ಟಿಕೆಟ್ ಪೆನ್ಸಿಲನ್ನು ತುಟಿಗೆ ಒತ್ತಿ ಒದ್ದೆ ಮಾಡಿಕೊಳ್ಳುವ ಅಭ್ಯಾಸದಿಂದ ಆದದ್ದು. ಮದುವೆ ಮನೆಗೆ ಮಡಿ ಪಂಚೆ ಉಟ್ಟು ಬಂದರೂ ಆ ಕಲೆ ಜೊತೆಯಲ್ಲೇ ಬರುತ್ತಿತ್ತು. ಹೊಸನಗರದ ನಿಲ್ದಾಣದಲ್ಲಿ ಅವರು ಬಸ್ ಏಜೆಂಟರು. ಊರಿನವರು ಏಜೆಂಟ್ರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಸಾಗರದ ಕಡೆಯಿಂದ, ತೀರ್ಥಹಳ್ಳಿಯ ಕಡೆಯಿಂದ ಬರುವ ಬಸ್ಸುಗಳು ಜನರ ಜೊತೆ ಮೂಟೆಗಳನ್ನು ತರುತ್ತಿದ್ದವು, ಸುದ್ದಿಗಳನ್ನೂ ತರುತ್ತಿದ್ದವು. ವಿಳಾಸವಿಲ್ಲದ ಮೂಟೆಯೊಂದು ಇಳಿದರೆ ಅವರು ಅದನ್ನು ಎಸೆಯುತ್ತಿರಲಿಲ್ಲ, ಬಿಚ್ಚುತ್ತಲೂ ಇರಲಿಲ್ಲ. ಯಾವ ಬಸ್ಸಿಗೆ ಬಂತು, ಎಲ್ಲಿ ಹತ್ತಿಸಿದರು, ಯಾರು ಕೊಟ್ಟರು ಎಂದು ಕಂಡಕ್ಟರನನ್ನು ವಿಚಾರಿಸಿ, ಬಂದ ದಾರಿಯಲ್ಲೇ ಹಿಂದೆ ಹುಡುಕುತ್ತಿದ್ದರು. ಸುದ್ದಿಗಳಿಗೂ ಅದೇ ಕ್ರಮ. ಉಪ್ಪಿಗೆ ಏನೋ ಬೆರೆಸುತ್ತಾರಂತೆ, ತಾಳಗುಪ್ಪದ ರೈಲಿನಲ್ಲಿ ಮುಚ್ಚಿದ ಡಬ್ಬಿಗಳು ಬರುತ್ತವಂತೆ ಎಂದು ಯಾರಾದರೂ ಶುರು ಮಾಡಿದರೆ ನಗುತ್ತಿರಲಿಲ್ಲ, ಹೌದೆಂದು ತಲೆಯಾಡಿಸುತ್ತಲೂ ಇರಲಿಲ್ಲ. "ಯಾವ ಬಸ್ಸಿಗೆ ಬಂತು ಮಾರಾಯ ಈ ಸುದ್ದಿ? ಕಂಡೋರು ಯಾರು?" ಎಂದು ಪೆನ್ಸಿಲ್ ಕೆಳಗಿಡುತ್ತಿದ್ದರು. ಇದರಿಂದ ಬಸ್ಸು ತಡವಾಗಿ ಮಾಲೀಕರಿಂದ ಬೈಸಿಕೊಂಡದ್ದೂ ಇದೆ. ಏಜೆಂಟ್ರೇ ವಿಚಾರಿಸಿದರು ಎಂಬ ಒಂದೇ ಕಾರಣಕ್ಕೆ ಕೆಲವು ಹಸಿ ಸುಳ್ಳುಗಳು ಇನ್ನಷ್ಟು ದಿನ ಬಾಳಿದ್ದೂ ಇದೆ. ಅವರ ಮೇಲೆ ನನಗಿದ್ದ ಒಂದೇ ತಕರಾರು ಅದು. ಆದರೆ ನಾನು ಇಂದು ಜೀವಂತ ಇರುವುದು ಅವರ ಈ ಅಭ್ಯಾಸದಿಂದಲೇ.

ಆಗ ನಾನು ಮಲೇರಿಯಾ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ಜ್ವರ ಬಂದವರ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ತೆಗೆದು, ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ತಾರೀಖು ಬರೆದು ಬರುವುದು ನನ್ನ ಕೆಲಸ. ಅದೇ ದಿನಗಳಲ್ಲಿ ಹೊಳೆಗೆ ಆಣೆಕಟ್ಟು ಏಳುತ್ತಿತ್ತು. ಕಟ್ಟೆ ನಿಲ್ಲುವುದಿಲ್ಲವಂತೆ, ಅದಕ್ಕೆ ಮಕ್ಕಳನ್ನು ಬಲಿ ಕೊಡುತ್ತಾರಂತೆ, ಯಾವ ಮಗು ಆದೀತೆಂದು ಮೊದಲು ರಕ್ತ ನೋಡುತ್ತಾರಂತೆ ಎಂಬ ಮಾತು ಹೊಳೆಬದಿಯ ಹಳ್ಳಿಗಳಲ್ಲಿ ಹಬ್ಬಿತ್ತು. ನನಗೆ ತಿಳಿದಿರಲಿಲ್ಲ.

ಒಂದು ಬೆಳಿಗ್ಗೆ ಅಂಥ ಹಳ್ಳಿಯೊಂದರಲ್ಲಿ ಜ್ವರದ ಮಗುವಿನ ಬೆರಳು ಹಿಡಿದಿದ್ದೆ. ಮಗುವಿನ ಅಜ್ಜಿ ಕೂಗಿಕೊಂಡಳು. ಗದ್ದೆಯಲ್ಲಿದ್ದ ಗಂಡಸರು ಕತ್ತಿ ಹಿಡಿದು ಬಂದರು. ಓಡಿಹೋಗಿ ಹೊರಡುತ್ತಿದ್ದ ಬಸ್ಸು ಹತ್ತಿದೆ. ಅವರೂ ಹತ್ತಿದರು, ಅಜ್ಜಿಯೂ ಹತ್ತಿದಳು. ಹೊಸನಗರ ಬರುವಷ್ಟರಲ್ಲಿ ನನ್ನ ಅಂಗಿ ಹರಿದು, ಮೂಗಿನಿಂದ ರಕ್ತ ಇಳಿಯುತ್ತಿತ್ತು. ಏಜೆಂಟರು ನನ್ನ ರಟ್ಟೆ ಹಿಡಿದು ಟಿಕೆಟ್ ಕೋಣೆಯೊಳಗೆ ಎಳೆದುಕೊಂಡು ಬಾಗಿಲಿಗೆ ಅಡ್ಡ ನಿಂತರು.

"ಬಿಡಿ ಏಜೆಂಟ್ರೇ ಅವನ್ನ ಹೊರಗೆ. ಮಕ್ಳನ್ನ ಬಲಿ ಕೊಡೋಕೆ ಬಂದವ್ನು!"

"ಬಿಡ್ತೀನಿ. ಎಲ್ಲಿಗೆ ಹೋಗ್ತಾನೆ ಅವ್ನು? ಮೊದ್ಲು ಹೇಳಿ, ಈ ಸುದ್ದಿ ಯಾವ ಬಸ್ಸಿಗೆ ಬಂತು?"

ಒಬ್ಬ ಸಾಗರದ ಬಸ್ಸು ಎಂದ, ಇನ್ನೊಬ್ಬ ಸಂತೆಯಲ್ಲಿ ಕೇಳಿದೆ ಎಂದ. ಕಂಡವರು ಯಾರೂ ಇರಲಿಲ್ಲ. ಆದರೆ ಅಜ್ಜಿ ಮುಂದೆ ಬಂದಳು. "ಸುದ್ದಿ ಹಾಳಾಗ್ಲಿ. ನಮ್ಮ ಗೋಡೆ ಮೇಲೆ ಕೆಂಪು ನಂಬರ್ ಬರ್ದಿದಾರಲ್ಲ, ಅದೂ ಸುಳ್ಳಾ?"

ಏಜೆಂಟರು ನನ್ನ ಕಡೆ ತಿರುಗಿದರು. "ನೀನು ಬರ್ದಿದ್ದೇನೋ?" ನಾನು ಬರೆಯುವುದು ಸೀಮೆಸುಣ್ಣದಲ್ಲಿ, ಕೆಂಪು ಬಣ್ಣ ನನ್ನದಲ್ಲ ಎಂದೆ.

"ಹಂಗಾರೆ ನಡೀರಿ, ನೋಡೋಣ," ಎಂದು ಕಿಟಕಿ ಮುಚ್ಚಿದರು. ಹೊರಡುವ ಮುನ್ನ, "ನನ್ನ ರಕ್ತ ತೆಗಿಯೋ, ಇವ್ರೂ ನೋಡ್ಲಿ," ಎಂದು ಎಲ್ಲರೆದುರು ಬೆರಳು ಚಾಚಿದರು. ಸೂಜಿ ತೆಗೆದದ್ದೇ ತಡ, ಕಣ್ಣು ಗಟ್ಟಿಯಾಗಿ ಮುಚ್ಚಿ, ಮುಖ ತಿರುಗಿಸಿ, "ಅಯ್ಯಪ್ಪಾ!" ಎಂದು ಕೂಗಿದರು. ಇನ್ನೂ ಚುಚ್ಚಿರಲಿಲ್ಲ. ಕತ್ತಿ ಹಿಡಿದವನೊಬ್ಬ ನಕ್ಕುಬಿಟ್ಟ. "ಏಜೆಂಟ್ರು ಬಲಿಗೆ ಆಗೋ ಜನ ಅಲ್ಲ ಬಿಡ್ರೋ!"

ಅದೇ ಜನರ ಜೊತೆ, ಅದೇ ಬಸ್ಸಿನಲ್ಲಿ ಹಿಂದಿರುಗಿದೆವು. ಹಳ್ಳಿಯಲ್ಲಿ ಏಜೆಂಟರು ಪ್ರತಿ ಗೋಡೆಯೆದುರೂ ನಿಂತು ನೋಡಿದರು. ಮಕ್ಕಳಿದ್ದ ಮನೆಗೂ ನಂಬರಿತ್ತು, ಒಂಟಿ ಮುದುಕನ ಮನೆಗೂ ಇತ್ತು. ಕೊನೆಗೆ ಕೊಟ್ಟಿಗೆಯೊಂದರ ಎದುರು ನಿಂತರು. ಅದಕ್ಕೂ ಕೆಂಪು ನಂಬರು.

"ಇದರೊಳಗೆ ಯಾವ ಮಗು ಇದೆ ಅಮ್ಮಾ?"

ಅಜ್ಜಿ ಕೊಟ್ಟಿಗೆ ನೋಡಿದಳು, ನನ್ನನ್ನು ನೋಡಿದಳು. ಕತ್ತಿಗಳು ಕೆಳಗಿಳಿದವು. "ಹಂಗಾರೆ ಎಂಥಕ್ಕೆ ಬರ್ದಿದ್ದು?" ಎಂದಳು.

"ನಂಗೂ ಗೊತ್ತಿಲ್ಲ. ಕೇಳೋಣ."

ಮುಂದಿನ ಊರಿನಲ್ಲಿ ಬಿಡಾರ ಹೂಡಿದ್ದ ಆಣೆಕಟ್ಟಿನ ಸರ್ವೆಯವರ ಬಳಿಗೆ ಅಜ್ಜಿಯನ್ನೂ ಇಬ್ಬರು ಹಿರಿಯರನ್ನೂ ಕರೆದೊಯ್ದರು. ನಂಬರು ಹಾಕಿದ ಮನೆ, ಕೊಟ್ಟಿಗೆ, ಗದ್ದೆ ಎಲ್ಲವೂ ನೀರಿನಡಿ ಹೋಗುತ್ತವೆ ಎಂಬುದು ಅಲ್ಲಿ ತಿಳಿಯಿತು. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, "ಬಲಿ ಅಂದಿದ್ದು ಪೂರಾ ಸುಳ್ಳಲ್ಲ ಅಲ್ದಾ ಏಜೆಂಟ್ರೇ?" ಎಂದಳು. ಏಜೆಂಟರು ತಲೆ ತಗ್ಗಿಸಿದರು.

ವಾಪಸು ಬರುವಾಗ ಡ್ರೈವರ್, "ಎಂಥ ದಡ್ಡ ಜನ!" ಎಂದು ನಕ್ಕ. ಏಜೆಂಟರಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. "ನಗಬೇಡ. ಅವರ ಗೋಡೆ ಮೇಲೆ ಬರ್ದು, ಎಂಥಕ್ಕೆ ಅಂತ ಅವರಿಗೇ ಹೇಳ್ಲಿಲ್ಲ. ಹೇಳದೇ ಬಿಟ್ಟ ಜಾಗಕ್ಕೆ ಏನೋ ಒಂದು ಬಂದು ಕೂರ್ತದೆ. ಅವರು ಹೇಳಿದ್ದನ್ನ ನಂಬಬೇಡ. ಆದ್ರೆ ಅವರಿಗೆ ಏನೋ ಆಗಿದೆ ಅನ್ನೋದನ್ನ ನಂಬು."

ಈಗ ಆ ಹಳ್ಳಿಯ ಮೇಲೆ ನೀರು ನಿಂತಿದೆ. ಕಳೆದ ತಿಂಗಳು ಏಜೆಂಟರೂ ಹೋದರು. ಎದೆನೋವೆಂದು ಆಸ್ಪತ್ರೆ ಸೇರಿದವರು ಮರಳಲಿಲ್ಲ. ಮನೆಯವರನ್ನು ಮಾತಾಡಿಸಿ ಬರಲು ಹೋದಾಗ ಜಗಲಿಯ ಮೇಲೆ ಆ ಅಜ್ಜಿಯೂ ಕೂತಿದ್ದಳು. ಆನಂದಪುರದ ಹತ್ತಿರ ಮುಳುಗಡೆಯವರಿಗೆ ಕೊಟ್ಟ ಜಾಗದಲ್ಲಿ ಈಗ ಅವಳ ಸಂಸಾರ. ಸುದ್ದಿ ತಿಳಿದು ಬಸ್ಸು ಹಿಡಿದು ಬಂದಿದ್ದಳು.

ಏಜೆಂಟರ ಹೆಂಡತಿ ನನ್ನನ್ನು ಕಂಡದ್ದೇ, "ಇಂಜೆಕ್ಷನ್ ಕೊಟ್ಟು ಕೊಂದ್ರು ತಮ್ಮಾ. ಬೇಕಂತಲೇ ಕೊಂದ್ರು," ಎಂದರು. ನಾನು ಸೂಜಿ ಹಿಡಿಯುವ ಕೆಲಸದವನು. ಹಾಗೆಲ್ಲ ಆಗುವುದಿಲ್ಲ ಅಕ್ಕಾ ಎಂಬ ಮಾತು ಬಾಯಿಗೆ ಬಂದಿತ್ತು. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು. ಮಾತು ನುಂಗಿಕೊಂಡು ಕೆಳಗೆ ಕೂತೆ.

"ಯಾರು ಹೇಳಿದ್ರು ಅಕ್ಕಾ?"

"ಯಾರು ಹೇಳ್ತಾರೆ? ಒಳಗೆ ಬಿಡ್ಲಿಲ್ಲ. ಎಂಥ ಕಾಯಿಲೆ ಅಂದ್ರೆ ಯಾರೂ ಬಾಯಿ ಬಿಡ್ಲಿಲ್ಲ. ಸೂಜಿ ಹಿಡ್ಕೊಂಡು ಒಳಗೆ ಹೋಗಿದ್ದು ಕಂಡೆ. ಆಮೇಲೆ ಹೆಣ ಕೊಟ್ರು."

"ಕೇಳೋಣ ಅಕ್ಕಾ," ಎಂದೆ.

ಮರುದಿನ ಮೊದಲ ಬಸ್ಸಿಗೆ ಅಕ್ಕನನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಟೆ. ಕಿಟಕಿಯಲ್ಲಿ ಹೊಸ ಏಜೆಂಟ್ ಟಿಕೆಟ್ ಬರೆದುಕೊಟ್ಟ. ಅವನ ತುಟಿಯಲ್ಲಿ ಇನ್ನೂ ಯಾವ ಕಲೆಯೂ ಇರಲಿಲ್ಲ.