ಐದು ದಿನದ ಪ್ರಯಾಣಿಕೆ

ನಾನು ಮೈಸೂರಿನಿಂದ ಟೋಕಿಯೋಗೆ ಬಂದ ಒಂಬತ್ತನೇ ವರ್ಷ. ಐಟಿ ಕಂಪನಿಯಲ್ಲಿ ಡೇಟಾ ಎಂಜಿನಿಯರ್ ಆಗಿದ್ದೆ. ಬಂದರು ಪಟ್ಟಣವೊಂದರ ಪುಟ್ಟ ಸ್ಮಾರಕ ಭವನದ ಕೆಲಸ ನನ್ನ ಪಾಲಿಗೆ ಬಂತು. ಯುದ್ಧಕಾಲದಲ್ಲಿ ಟಾರ್ಪಿಡೋ ಬಡಿದು ಮುಳುಗಿದ ಪ್ರಯಾಣಿಕರ ಹಡಗೊಂದರ ಕೈಬರಹದ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಬೇಕಿತ್ತು. ಸತ್ತವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿ, ಸ್ಮರಣೆಯ ದಿನ ಗಟ್ಟಿಯಾಗಿ ಓದುವವರಿದ್ದರು.

ಇಂಥ ಕೆಲಸದಲ್ಲಿ ವ್ಯಾಲಿಡೇಷನ್ ಎಂಬ ಹಂತವಿದೆ. ಎರಡು ಸಲ ಬಂದ ಹೆಸರು, ಅರ್ಧಂಬರ್ಧ ತುಂಬಿದ ಸಾಲು, ಇವನ್ನೆಲ್ಲ ಪ್ರೋಗ್ರಾಮೇ ಹುಡುಕಿ ಆಚೆ ಹಾಕುತ್ತದೆ. ನನ್ನ ಪ್ರೋಗ್ರಾಮು ಎಲ್ಲೂ ಎಡವದೆ ಓಡಿತು. ಟೋಕಿಯೋದ ಫುನಾಬೊರಿಯಲ್ಲಿದ್ದ ನಮ್ಮ ಮನೆಗೆ ಬಂದು ಗಂಡನ ಮುಂದೆ ಕೊಚ್ಚಿಕೊಂಡದ್ದೂ ಆಯಿತು. ಆಚೆ ಬಿದ್ದ ಸಾಲುಗಳನ್ನು ತೆರೆದು ನೋಡುವ ಗೋಜಿಗೆ ಮಾತ್ರ ಹೋಗಲಿಲ್ಲ.

ಪಟ್ಟಿ ಕೆತ್ತನೆಗೆ ಹೋಗುವ ಹಿಂದಿನ ದಿನ ಮೃತರ ಮನೆಯವರನ್ನು ಕರೆಸಿ ತೋರಿಸಿದೆವು. ಎಂಬತ್ತು ದಾಟಿದ ಹಾರುಕೊ ಸಾನ್, ಅಂದರೆ ಹಾರುಕೊ ಅವರು, ತಮ್ಮ ತಾಯಿಯ ಹೆಸರಿನ ಕೆಳಗೆ ಬೆರಳಿಟ್ಟು ನನ್ನತ್ತ ತಿರುಗಿದರು.

“ಸುಮಿಮಾಸೆನ್, ಕ್ಷಮಿಸಿ. ನನ್ನ ತಂಗಿ ಎಲ್ಲಿ?”

“ಹೆಸರು ಹೇಳಿ, ಸರ್ಚ್ ಮಾಡ್ತೀನಿ.”

“ಹೆಸರು ಇಟ್ಟಿರ್ಲಿಲ್ಲ. ಹುಟ್ಟಿ ಐದೇ ದಿನ. ಏಳನೇ ದಿನಕ್ಕೆ ಹಡಗು ಅಪ್ಪ ಇದ್ದ ದ್ವೀಪ ಮುಟ್ಟುತ್ತೆ, ಅಲ್ಲೇ ಹೆಸರಿಡೋಣ ಅಂತಿದ್ರು ಅಮ್ಮ. ನಂಗೆ ಜ್ವರ ಅಂತ ಅಜ್ಜಿ ಹತ್ರ ಬಿಟ್ಟು ಹೋದ್ರು.”

ಜಪಾನಿನಲ್ಲಿ ಹೆಸರಿಡುವುದು ಹುಟ್ಟಿದ ಏಳನೇ ದಿನ. ನಾನು ಮೂಲ ಹಾಳೆಯ ಸ್ಕ್ಯಾನ್ ತೆರೆದೆ. ತಾಯಿಯ ಕೆಳಗಿನ ಸಾಲಿನಲ್ಲಿ ಹೆಸರಿನ ಜಾಗ ಖಾಲಿ, ಪಕ್ಕದಲ್ಲಿ ‘ಹೆಣ್ಣು, ಐದು ದಿನ’. ಹಡಗಿನ ಗುಮಾಸ್ತ ಮರೆಯದೆ ಬರೆದಿದ್ದ, ಅಳಿಸಿದವಳು ನಾನು. ನನ್ನ ಮಗಳು ಎಡೋಗಾವಾದ ಆಸ್ಪತ್ರೆಯಲ್ಲಿ ಹುಟ್ಟಿದಾಗ ಅವಳ ಕೈಪಟ್ಟಿಯಲ್ಲಿ ಇದ್ದದ್ದು ನನ್ನ ಹೆಸರೇ. ನಾಮಕರಣವಾದದ್ದು ಹನ್ನೆರಡನೇ ದಿನ. ಇಷ್ಟು ಗೊತ್ತಿದ್ದೂ ಹೀಗೆ ಮಾಡಿದೆನಲ್ಲ ಎಂದು ನಾಚಿಕೆಯಾಯಿತು. ತಲೆ ಬಗ್ಗಿಸಿ ಕ್ಷಮೆ ಕೇಳಿದೆ.

ಭವನದ ಮೇಲ್ವಿಚಾರಕ ಮೋರಿತಾ ಸಾನ್, ಈಗಲಾದರೂ ಒಂದು ಹೆಸರಿಡೋಣವೇ ಎಂದು ಮೆಲ್ಲಗೆ ಕೇಳಿದರು.

“ಬೇಡ,” ಎಂದರು ಹಾರುಕೊ ಸಾನ್. “ಅದು ಅಪ್ಪ ಮಾಡ್ಬೇಕಿದ್ದ ಕೆಲ್ಸ. ಅವ್ಳು ಹೇಗಿದ್ಳೋ ಹಾಗೇ ಬರೀರಿ.”

ಅಂದೇ ಸಾಲನ್ನು ಸೇರಿಸಿದೆ, ಪ್ರೋಗ್ರಾಮಿನ ನಿಯಮವನ್ನೂ ತಿದ್ದಿದೆ. ಅಲ್ಲಿಂದೀಚೆಗೆ ನನ್ನ ಯಾವ ಪ್ರೋಗ್ರಾಮೂ ಖಾಲಿ ಸಾಲನ್ನು ತಾನಾಗಿ ಅಳಿಸುವುದಿಲ್ಲ. ನನ್ನ ಮುಂದೆ ತಂದಿಡುತ್ತದೆ, ನಾನು ಮೂಲ ಹಾಳೆ ನೋಡುತ್ತೇನೆ. ವೃತ್ತಿ ನನಗೆ ಕಲಿಸಿದ್ದರಲ್ಲಿ ಇದೇ ದೊಡ್ಡದು.

ಸ್ಮರಣೆಯ ದಿನ ತಾಯಿಯ ಹೆಸರಾದ ಮೇಲೆ ಮೋರಿತಾ ಸಾನ್ “ಅವರ ಮಗಳು, ಐದು ದಿನ” ಎಂದು ಓದಿದರು. ಮುಂದಿನ ಸಾಲಿನ ಕುರ್ಚಿಯಲ್ಲಿದ್ದ ಹಾರುಕೊ ಸಾನ್ ಕೋಲೂರಿ ಎದ್ದುನಿಂತರು. ಇಲ್ಲಿನ ಶಾಲೆಗಳಲ್ಲಿ ಹಾಜರಿ ಕರೆದಾಗ ‘ಇದ್ದೇನೆ’ ಎನ್ನಲು ಮಕ್ಕಳು ಹೇಳುವಂತೆ, ತಂಗಿಯ ಪರವಾಗಿ, “ಹೈ” ಎಂದು ಓಗೊಟ್ಟರು.