ಪಪ್ಪನ ಬಂಗುಡೆ ಜೋಕು ಮತ್ತು ನನ್ನ ಮೊಣಕಾಲು

ನಮ್ಮ ಕೊಂಕಣಿ ಕ್ರೈಸ್ತರ ಮದುವೆಗಳಲ್ಲಿ ಪಾದ್ರಿಯ ಪ್ರಸಂಗ ಸಪ್ಪೆಯಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಟೋಸ್ಟ್ ಸಪ್ಪೆಯಾದರೆ ಊರಿಡೀ ಆಡಿಕೊಳ್ಳುತ್ತದೆ. ವಧೂವರರನ್ನು ಹೊಗಳಿ, ನಡುನಡುವೆ ಅವರ ಕಾಲೆಳೆದು, ಕೊನೆಗೆ ಎಲ್ಲರನ್ನೂ ಎಬ್ಬಿಸಿ ವೈನ್ ಗ್ಲಾಸ್ ಎತ್ತಿಸುವ ಈ ಭಾಷಣಕ್ಕೆ ಬಿಕರ್ನಕಟ್ಟೆಯಿಂದ ಉಳ್ಳಾಲದವರೆಗೆ ಜನ ನನ್ನ ಪಪ್ಪನನ್ನೇ ಕರೆಯುತ್ತಿದ್ದರು. ಜೀವಮಾನವಿಡೀ ಅವರು ಬ್ಯಾಂಕಿನಲ್ಲಿ ಮಾಡಿದ ಕೆಲಸ ಯಾರಿಗೂ ನೆನಪಿಲ್ಲ. ಅವರ ಬಂಗುಡೆ ಜೋಕು ಮಾತ್ರ ಎಲ್ಲರಿಗೂ ಬಾಯಿಪಾಠ.

ಪಾದ್ರಿಯೊಬ್ಬರು ಪ್ರಸಂಗದ ನಡುವೆ, ಸ್ವರ್ಗಕ್ಕೆ ಹೋಗಬೇಕೆನ್ನುವವರು ಎದ್ದು ನಿಲ್ಲಿ ಎನ್ನುತ್ತಾರೆ. ಹಿಂದಿನ ಬೆಂಚಿನ ಒಬ್ಬನನ್ನು ಬಿಟ್ಟು ಇಡೀ ಇಗರ್ಜಿ ಎದ್ದು ನಿಲ್ಲುತ್ತದೆ. ನಿನಗೆ ಸ್ವರ್ಗ ಬೇಡವಾ ಎಂದರೆ ಅವನು, "ಬೇಕು ಫಾದರ್. ಆದರೆ ಈಗಲೇ ಹೊರಡ್ಲಿಕ್ಕೆ ಆಗುದಿಲ್ಲ, ಚೀಲದಲ್ಲಿ ಬಂಗುಡೆ ಉಂಟು" ಎನ್ನುತ್ತಾನೆ. ಬರೆದರೆ ಇಷ್ಟೇ. ಪಪ್ಪ ಹೇಳುವಾಗ ಮೀನಿನ ವಾಸನೆಯೂ ಬರುತ್ತಿತ್ತು.

ನಾನು ಬೀಳತೊಡಗಿದ್ದು ಬಿ.ಎಡ್. ಓದುವಾಗ. ನಿಜವಾದ ನಗು ಬಂದರೆ ಸಾಕು, ಮೊದಲು ಗದ್ದ ಜೋಲುತ್ತಿತ್ತು, ಆಮೇಲೆ ಮೊಣಕಾಲು ಕೈಕೊಡುತ್ತಿತ್ತು. ಒಂದೆರಡು ನಿಮಿಷ ಬೆರಳೂ ಅಲ್ಲಾಡದು, ಕಿವಿಗೆ ಮಾತ್ರ ಎಲ್ಲವೂ ಕೇಳುತ್ತದೆ. ಹಾಗಾಗಿ ಜನ ನನ್ನ ಬಗ್ಗೆ ಏನೆನ್ನುತ್ತಾರೆಂದು ತಿಳಿಯಲು ಚಾಡಿಕೋರರ ನೆರವು ಬೇಕಾಗಲಿಲ್ಲ. ಒಬ್ಬರು ಬಿ.ಪಿ. ಎಂದರು. ಒಬ್ಬ ಆಂಟಿ ನನ್ನ ತಲೆಯ ಪಕ್ಕದಲ್ಲೇ ನಿಂತು, "ಮದುವೆ ಮಾಡಿದ್ರೆ ಸರಿಯಾಗ್ತದೆ" ಎಂದರು. ಹಗಲು ಹೊತ್ತು ಕೂತಲ್ಲೇ ನಿದ್ದೆ ಹೋಗುತ್ತಿದ್ದುದಕ್ಕೆ ಸೋಮಾರಿತನವೆಂಬ ಹೆಸರು ಮೊದಲೇ ಇತ್ತು.

ಮಮ್ಮಿ ನನ್ನನ್ನು ರಿಟ್ರೀಟಿಗೆ ಕರೆದೊಯ್ದರು. ಅಲ್ಲಿ ಬೋಧಕರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರೆ ಪವಿತ್ರಾತ್ಮ ಇಳಿದು ಜನ ಹಿಂದಕ್ಕೆ ಬೀಳುತ್ತಾರೆ. ಸಾಲಿನಲ್ಲಿದ್ದವರೆಲ್ಲ ಬಿದ್ದರು. ಎಲ್ಲ ಕಡೆ ಬೀಳುವ ನಾನು ಅಲ್ಲಿ ಮಾತ್ರ ಕಂಬದ ಹಾಗೆ ನಿಂತೆ. ಬೋಧಕರು ಕೈ ಒತ್ತಿದರು, ಮತ್ತೂ ಒತ್ತಿದರು. ಪಕ್ಕದಲ್ಲಿದ್ದ ತಂಗಿ, "ಬೇಗ ಬೀಳು ಮಾರಾಯ್ತಿ, ಊಟದ ಕ್ಯೂ ಉದ್ದ ಆಗ್ತಾ ಉಂಟು" ಎಂದು ಪಿಸುಗುಟ್ಟಿದಳು. ನಗು ಬಂತು, ಬಿದ್ದೆ. ನನ್ನಷ್ಟು ಚೆನ್ನಾಗಿ ಯಾರೂ ಬಿದ್ದಿರಲಿಲ್ಲವಂತೆ. ಮಮ್ಮಿ ಕಣ್ಣೀರಿಟ್ಟರು. ನೆರೆಯವರು ಪರೀಕ್ಷೆಯ ಮುಂಚೆ ಮಕ್ಕಳನ್ನು ಆಶೀರ್ವಾದಕ್ಕೆ ನನ್ನ ಬಳಿ ಕಳಿಸತೊಡಗಿದರು.

ಕೊನೆಗೆ ಅತ್ತಾವರದ ಒಬ್ಬ ನರರೋಗ ವೈದ್ಯರು ಯಾರೂ ಕೇಳದ್ದನ್ನು ಕೇಳಿದರು: "ಸುಮ್ಮನೆ ಬೀಳುದಾ, ನಗುವಾಗ ಬೀಳುದಾ?" ನಿದ್ದೆಯ ಕಾಯಿಲೆಯ ಹೆಸರು ನಾರ್ಕೊಲೆಪ್ಸಿ, ಈ ಬೀಳುವಿಕೆಯದು ಕ್ಯಾಟಪ್ಲೆಕ್ಸಿ. ಕನಸಿನಲ್ಲಿ ನಾವು ಎದ್ದು ಓಡದ ಹಾಗೆ ಮೆದುಳು ಸ್ನಾಯುಗಳನ್ನು ಸಡಿಲ ಬಿಡುತ್ತದಂತೆ. ನನ್ನದು ಅದೇ ಕೆಲಸವನ್ನು ಎಚ್ಚರದಲ್ಲಿ, ನಗು ಬಂದ ಕೂಡಲೇ ಮಾಡುತ್ತದೆ. ಕಣ್ಣಾರೆ ನೋಡೋಣವೆಂದು ವೈದ್ಯರು ತಾವೇ ಒಂದು ಜೋಕು ಹೇಳಿದರು. ಏನೂ ಆಗಲಿಲ್ಲ. ಮರ್ಯಾದೆಗೆ ನಕ್ಕರೆ ಕ್ಯಾಟಪ್ಲೆಕ್ಸಿ ಬರುವುದಿಲ್ಲ.

"ಡಾಕ್ಟ್ರೇ, ನಾನೊಂದು ಹೇಳಬಹುದಾ?" ಎಂದು ಪಪ್ಪ ಎದ್ದರು. ಬಂಗುಡೆ ಚೀಲದಿಂದ ಹೊರಬರುವ ಮೊದಲೇ ನಾನು ಕುರ್ಚಿಯಿಂದ ಜಾರಿದ್ದೆ. ವೈದ್ಯರು ಪುಟ್ಟ ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿದರು; ಕಾಲು ಹಾರಲಿಲ್ಲ. "ನೋಡಿ, ರಿಫ್ಲೆಕ್ಸ್ ಇಲ್ಲ. ಇದಕ್ಕಿಂತ ಸಾಕ್ಷಿ ಎಂತ ಬೇಕು?" ಎಂದು ಖುಷಿಪಟ್ಟರು. ಬಿದ್ದಲ್ಲಿಂದ ನನಗೆ ಪಪ್ಪನ ಚಪ್ಪಲಿಗಳು ಮಾತ್ರ ಕಾಣುತ್ತಿದ್ದವು. ಅವು ಒಂದು ಹೆಜ್ಜೆ ಹಿಂದೆ ಸರಿದವು.

ಎಚ್ಚರವಾಗಿರಲು ಒಂದು, ಬೀಳದಿರಲು ಒಂದು ಮಾತ್ರೆ ಶುರುವಾಯಿತು. ಹೇಳದೆ ಕೇಳದೆ ನಿಲ್ಲಿಸಿದರೆ ಒಂದರ ಹಿಂದೊಂದು ಬೀಳುತ್ತೀರಿ ಎಂದು ವೈದ್ಯರು ಎಚ್ಚರಿಸಿದ್ದರು. ಮಮ್ಮಿ ಮಾತ್ರೆಯನ್ನು ಬಾಲಯೇಸುವಿನ ಪಟದ ಮುಂದಿಟ್ಟು ಆಮೇಲೆ ಕೊಡುತ್ತಿದ್ದರು, ಗುಣವಾದರೆ ಯಶಸ್ಸು ಯಾರದೆಂಬ ತಕರಾರು ಬೇಡವೆಂದು. ನಾನು ಗಣಿತ ಕಲಿಸುವ ಶಾಲೆಯಲ್ಲಿ ಊಟದ ಬಿಡುವಿಗೆ ಮಲಗಲು ಒಂದು ಬೆಂಚು ಸಿಕ್ಕಿತು. ಕಾಯಿಲೆ ಹೋಗಲಿಲ್ಲ, ಆದರೆ ಸ್ವಲ್ಪ ಮರ್ಯಾದೆ ಕಲಿಯಿತು.

ಪಪ್ಪ ಮಾತ್ರ ಜೋಕು ಬಿಟ್ಟೇಬಿಟ್ಟರು. ಟೋಸ್ಟಿಗೆ ಕರೆಯಲು ಬಂದವರಿಗೆ ಗಂಟಲು ಸರಿಯಿಲ್ಲವೆಂದರು. ಊಟದ ಮೇಜಿನಲ್ಲಿ ರಸ್ತೆ ಅಗೆದದ್ದು, ಕರೆಂಟು ಹೋದದ್ದು, ಇಷ್ಟೇ ಮಾತು. ಕೇಳುತ್ತ ನನಗೆ ತೂಕಡಿಕೆ ಬರುತ್ತಿತ್ತು, ಅದಕ್ಕೆ ನಾರ್ಕೊಲೆಪ್ಸಿಯನ್ನು ದೂರುವಂತಿರಲಿಲ್ಲ. ಬೀಳುವುದು ನನಗೆ ಅಭ್ಯಾಸವಾಗಿತ್ತು. ನಗಿಸದ ಪಪ್ಪ ಅಭ್ಯಾಸವಾಗಲಿಲ್ಲ. ನನಗೆ ನನ್ನ ಹಳೆಯ ಪಪ್ಪ ವಾಪಸ್ ಬೇಕಿತ್ತು.

ತಂಗಿಯ ಮದುವೆಯಲ್ಲಿ ಗಂಟಲಿನ ನೆಪ ನಡೆಯಲಿಲ್ಲ. ಸ್ವಂತ ಮಗಳ ಟೋಸ್ಟು, ಪಪ್ಪನೇ ಹೇಳಬೇಕೆಂದು ಎಲ್ಲರೂ ಪಟ್ಟು ಹಿಡಿದರು. ಅವರು ಮೊದಲು ಮಾಡಿದ ಕೆಲಸವೆಂದರೆ ವೇದಿಕೆಯ ಬುಡದಲ್ಲಿ, ತಮ್ಮ ಕಣ್ಣಿಗೆ ಬೀಳುವಂತೆ, ಕೈಯಿರುವ ಕುರ್ಚಿಯೊಂದನ್ನು ನನಗೆಂದು ಹಾಕಿಸಿದ್ದು. "ಎಲ್ಲರೂ ನಿಂತರೂ ನೀನು ಏಳುದು ಬೇಡ ಪುತಾ" ಎಂದರು. ಆಮೇಲೆ ಮೈಕ್ ಹಿಡಿದು ಜಪಮಾಲೆ ಹಿಡಿದು ತೇರ್ಸ ಒಪ್ಪಿಸುವ ಧಾಟಿಯಲ್ಲಿ ದಾಂಪತ್ಯದ ಸದ್ಗುಣಗಳನ್ನು ಎಣಿಸತೊಡಗಿದರು. ಜನ ಮುಖ ಮುಖ ನೋಡಿಕೊಂಡರು, ಕೆಲವರು ಊಟದ ಕಡೆ ನೋಡಿದರು. ಗ್ಲಾಸ್ ಎತ್ತಲು ಎಲ್ಲರೂ ಎದ್ದಾಗ ನಾನೂ ಎದ್ದು ನಿಂತೆ.

"ಪಪ್ಪಾ," ಎಂದೆ, "ಬಂಗುಡೆ ಎಲ್ಲಿ?"

ಸಭೆ ಕಿಸಕ್ಕೆಂದಿತು. ಪಪ್ಪ ಮೈಕ್ ಹಿಡಿದೇ ಕೆಳಗಿಳಿದು ನನ್ನ ಬಳಿ ಬಂದರು. ಹೇಳಿದರು. ಅದೇ ಪಾದ್ರಿ, ಅದೇ ಬೆಂಚು, ಅದೇ ಚೀಲ. ಹೇಳುವಷ್ಟು ಹೊತ್ತೂ ಅವರ ಕಣ್ಣು ನನ್ನ ಮೊಣಕಾಲಿನ ಮೇಲಿತ್ತು. ಸಭೆ ಹೋ ಎಂದು ನಕ್ಕಿತು, ನಾನೂ ನಕ್ಕೆ. ಗದ್ದ ಜೋತಿತು. ಕೈ ಸಡಿಲಾಗಿ ವೈನ್ ಸೀರೆಯ ಮೇಲೆ ಚೆಲ್ಲಿತು. ಮೊಣಕಾಲು ಒಮ್ಮೆ ನಡುಗಿತು, ಇನ್ನೊಮ್ಮೆ ನಡುಗಿತು, ಗಟ್ಟಿಯಾಯಿತು.

ಆಗ ಪಪ್ಪ ನನಗೆಂದು ಹಾಕಿಸಿದ ಕುರ್ಚಿಯಲ್ಲಿ ಕುಸಿದು ಕೂತು, ಮೈಕನ್ನು ಮಡಿಲಲ್ಲಿಟ್ಟು ಅತ್ತರು. ಟೋಸ್ಟ್ ಮುಗಿಸುವವರಿಲ್ಲದೆ ಇಡೀ ಸಭೆ ಗ್ಲಾಸ್ ಎತ್ತಿಕೊಂಡು ಕಾಯುತ್ತಿತ್ತು. ನಾನೂ ಅವರೊಂದಿಗೆ ನಿಂತೇ ಇದ್ದೆ.